ಕ್ವಾಂಟಮ್ ಲಾಕರ್ ತಗೊಳ್ಳದಿದ್ದರೆ 250 ಕೋಟಿ ದಂಡವೇ?

ಪ್ರಶ್ನೆ: ನಾವು ಗೋಣಿಕೊಪ್ಪದ ಹತ್ತಿರ ಕಾಫಿ ತೋಟದವರು. ತೋಟದಲ್ಲೇ ನಾಲ್ಕು ಕೋಣೆಯ ಹೋಂಸ್ಟೇ ಇದೆ. ಅತಿಥಿಗಳ ಆಧಾರ್, ಪಾಸ್‌ಪೋರ್ಟ್ ಫೋಟೋಗಳು ವರ್ಷಗಳಿಂದ ಲ್ಯಾಪ್‌ಟಾಪ್‌ನಲ್ಲಿ ಬಿದ್ದಿವೆ. ಈಚೆಗೆ ಒಬ್ಬರು ಬಂದು, ‘ಕ್ವಾಂಟಮ್ ಕಂಪ್ಯೂಟರ್ ಬಂದರೆ ಈಗಿನ ಎನ್‌ಕ್ರಿಪ್ಷನ್ (ಕೀಲಿಯಿಲ್ಲದೆ ಓದಲಾಗದಂತೆ ಮಾಹಿತಿಗೆ ಹಾಕುವ ಬೀಗ) ಎಲ್ಲ ಒಡೆದುಹೋಗುತ್ತದೆ, ನಮ್ಮ ಕ್ವಾಂಟಮ್ ಲಾಕರ್ ತಗೊಳ್ಳದಿದ್ದರೆ ಹೊಸ ಕಾನೂನಿನಲ್ಲಿ 250 ಕೋಟಿ ದಂಡ’ ಎಂದರು. ನಿಜವೇ? ಇನ್ನೊಂದು, ನಾವು ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಳ್ಳಲು ಆಧಾರ್ ಇ-ಸೈನ್ ಹಾಕಿ ಒಂದು ಒಪ್ಪಂದ ಬರೆದಿದ್ದೇವೆ. ನಾಳೆ ಆ ಸಹಿಯನ್ನೇ ನಕಲು ಮಾಡಬಹುದಾದರೆ ಒಪ್ಪಂದದ ಗತಿ ಏನು? ಕೊನೆಯದಾಗಿ, ಗುಡ್ಡ ಕುಸಿತದ ಬಗ್ಗೆ ವಿದೇಶಿ ತಂಡದ ಜೊತೆ ಕೆಲಸ ಮಾಡುವ ಪರಿಚಯದವರು, ಮುಂದೆ ಕ್ವಾಂಟಮ್ ಸೆನ್ಸರ್ ತಂದು ನಮ್ಮ ಬರೆಯ (ಕಡಿದಾದ ಇಳಿಜಾರಿನ) ಮೇಲೆ ಇಡಬಹುದಾ ಎಂದು ಕೇಳಿದ್ದಾರೆ. ಒಪ್ಪಬಹುದೇ?

ಉತ್ತರ: ಮೊದಲು ದಂಡದ ಭಯ ಬಿಡಿ. ಲಾಕರ್ ಮಾರಲು ಬಂದವರು ಒಂದು ನಿಜಕ್ಕೆ ಎರಡು ಸುಳ್ಳು ಸೇರಿಸಿ ಹೇಳಿದ್ದಾರೆ.

250 ಕೋಟಿ ಎಂಬ ಅಂಕಿ ಕಾನೂನಿನಲ್ಲಿ ಇದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ, ಬೇರೆಯವರ ಮಾಹಿತಿ ಇಟ್ಟುಕೊಂಡವರು ‘ಸಮಂಜಸವಾದ ಭದ್ರತೆ’ ಮಾಡಬೇಕು ಎಂದಿದೆ. ಮಾಡದೆ ಮಾಹಿತಿ ಸೋರಿದರೆ ದಂಡ 250 ಕೋಟಿವರೆಗೆ ಹೋಗಬಹುದು. ‘ವರೆಗೆ’ ಎಂಬುದನ್ನು ಅವರು ನುಂಗಿಕೊಂಡಿದ್ದಾರೆ. ದಂಡ ಹಾಕುವುದು ಡೇಟಾ ಸಂರಕ್ಷಣಾ ಮಂಡಳಿ, ಅದೂ ವಿಚಾರಣೆ ಮಾಡಿ. ತಪ್ಪು ಎಷ್ಟು ದೊಡ್ಡದು, ಎಷ್ಟು ಕಾಲ ನಡೆಯಿತು, ಎಂಥ ಮಾಹಿತಿ, ನೀವು ಏನು ಸರಿಪಡಿಸಿದಿರಿ, ದಂಡ ನಿಮಗೆ ತಕ್ಕಷ್ಟಿದೆಯೇ, ಇದೆಲ್ಲ ನೋಡಬೇಕೆಂದು ಕಾಯ್ದೆಯೇ ಹೇಳುತ್ತದೆ. ನಾಲ್ಕು ಕೋಣೆಯ ಹೋಂಸ್ಟೇಗೂ ಕೋಟಿಗಟ್ಟಲೆ ಗ್ರಾಹಕರಿರುವ ಕಂಪನಿಗೂ ಒಂದೇ ಅಳತೆ ಹಾಕುವುದಿಲ್ಲ. ಇನ್ನೊಂದು ಮಾತು. ಇದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು ಕೊಟ್ಟಿದ್ದಾರೆ, ಅಂದರೆ 2027ರ ಮೇ. ಅಲ್ಲಿಯವರೆಗೆ ನಡೆಯುವುದು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ ಸೆಕ್ಷನ್ 43ಎ. ಅದೂ ಬ್ಯಾಂಕ್ ವಿವರ, ಪಾಸ್‌ವರ್ಡ್, ಬೆರಳಚ್ಚಿನಂಥ ಸೂಕ್ಷ್ಮ ಮಾಹಿತಿಗೆ.

ಕಾಯ್ದೆಯಲ್ಲಾಗಲಿ ನಿಯಮದಲ್ಲಾಗಲಿ ಕ್ವಾಂಟಮ್ ಎಂಬ ಮಾತಿಲ್ಲ. ನಿಯಮಗಳು ಎನ್‌ಕ್ರಿಪ್ಷನ್ ಅಥವಾ ಮಾಹಿತಿಯನ್ನು ಮರೆಮಾಡುವ ಬೇರೆ ದಾರಿಗಳ ಹೆಸರು ಹೇಳುತ್ತವೆ. ಯಾರು ಮುಟ್ಟಬಹುದು ಎಂಬುದಕ್ಕೆ ಕಡಿವಾಣ ಹಾಕಿ, ಯಾರು ಯಾವಾಗ ನೋಡಿದರು ಎಂಬ ದಾಖಲೆ (ಲಾಗ್) ಇಡಿ, ಬ್ಯಾಕಪ್ ಇಡಿ ಎನ್ನುತ್ತವೆ. ಇಂಥದ್ದೇ ಲಾಕರ್ ಕೊಳ್ಳಿ ಎಂದು ಎಲ್ಲೂ ಇಲ್ಲ.

ಹಾಗಾದರೆ ಅವರು ಹೇಳಿದ ನಿಜ ಯಾವುದು? ಅಪಾಯ ಕಟ್ಟುಕಥೆಯಲ್ಲ. ಇವತ್ತು ನಾವು ಆನ್‌ಲೈನ್ ಬ್ಯಾಂಕಿಂಗ್, ಡಿಜಿಟಲ್ ಸಹಿ ಎಂದು ಬಳಸುವ ಆರ್‌ಎಸ್‌ಎಯಂಥ ವಿಧಾನಗಳು, ದೊಡ್ಡ ಸಂಖ್ಯೆಯನ್ನು ಒಡೆದು ಅಪವರ್ತನ ಹುಡುಕುವುದು ಕಷ್ಟ ಎಂಬ ಒಂದೇ ನಂಬಿಕೆಯ ಮೇಲೆ ನಿಂತಿವೆ. ಕ್ವಾಂಟಮ್ ಕಂಪ್ಯೂಟರಿಗೆ ಅದು ಕಷ್ಟವಲ್ಲ ಎಂದು ಗಣಿತಜ್ಞ ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಕೊರತೆ ಇರುವುದು ಯಂತ್ರದ್ದು. 2048 ಬಿಟ್‌ನ ಆರ್‌ಎಸ್‌ಎ ಒಡೆಯಲು 2 ಕೋಟಿ ಕ್ಯುಬಿಟ್ (ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕ) ಬೇಕು ಎಂದು 2019ರ ಲೆಕ್ಕ ಹೇಳಿತ್ತು. ಆ ಲೆಕ್ಕ ಹಾಕಿದ ಇಬ್ಬರಲ್ಲಿ ಒಬ್ಬರಾದ ಗೂಗಲ್‌ನ ಕ್ರೇಗ್ ಗಿಡ್ನಿ 2025ರಲ್ಲಿ ಅದನ್ನು 10 ಲಕ್ಷಕ್ಕಿಂತ ಕೆಳಗೆ ಇಳಿಸಿದರು. ಗೂಗಲ್ 2024ರ ಕೊನೆಗೆ ತೋರಿಸಿದ ವಿಲೋ ಚಿಪ್‌ನಲ್ಲಿ ಇದ್ದದ್ದು 105. ನಮ್ಮ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 2023ರಲ್ಲಿ 6,003.65 ಕೋಟಿ ರೂಪಾಯಿ ಕೊಟ್ಟಿದ್ದಾರೆ. 2030–31ರ ಹೊತ್ತಿಗೆ 50ರಿಂದ 1,000 ಕ್ಯುಬಿಟ್‌ನ ಯಂತ್ರ ಕಟ್ಟುವುದು ಅದರ ಗುರಿ. ಅಂತರ ಇನ್ನೂ ಜಾಸ್ತಿ ಇದೆ. ಆದರೆ ಎರಡೂ ಕಡೆಯಿಂದ ಕಿರಿದಾಗುತ್ತಿದೆ.

ಕಾನೂನಿನ ಆಸಕ್ತಿ ಶುರುವಾಗುವುದು ಇಲ್ಲಿಯೇ. ‘ಸಮಂಜಸ’ ಎಂಬುದಕ್ಕೆ ಸ್ಥಿರವಾದ ಅರ್ಥ ಇಲ್ಲ. ಅಪಾಯ ಗೊತ್ತಾಯಿತು, ಪರಿಹಾರ ಕೈಗೆ ಸಿಕ್ಕಿತು, ಬೆಲೆಯೂ ಹೊರೆಯಲ್ಲ ಎಂದಾದ ಮೇಲೆ ಸುಮ್ನೆ ಕೂತವನನ್ನು ಕೋರ್ಟ್ ಬೇರೆ ಕಣ್ಣಿನಿಂದ ನೋಡುತ್ತದೆ. ಕಾನೂನು ಓದಿದವರಿಗೆಲ್ಲ ಗೊತ್ತಿರುವ ಅಮೆರಿಕದ ಹಳೇ ಕೇಸೊಂದಿದೆ, ಟಿ.ಜೆ. ಹೂಪರ್. 1928ರಲ್ಲಿ ಕಲ್ಲಿದ್ದಲು ತುಂಬಿದ ದೋಣಿಗಳನ್ನು ಎಳೆದೊಯ್ಯುತ್ತಿದ್ದ ಹಡಗುಗಳು ಬಿರುಗಾಳಿಗೆ ಸಿಕ್ಕಿ ದೋಣಿಗಳು ಮುಳುಗಿದವು. ಹವಾಮಾನದ ಸುದ್ದಿ ರೇಡಿಯೋದಲ್ಲಿ ಬಂದಿತ್ತು. ಹಡಗಿನಲ್ಲಿ ಸರಿಯಾದ ರೇಡಿಯೋ ಇರಲಿಲ್ಲ. ‘ಆ ದಂಧೆಯಲ್ಲಿ ಹೆಚ್ಚಿನವರು ರೇಡಿಯೋ ಇಟ್ಟಿರಲಿಲ್ಲ’ ಎಂಬುದು ಮಾಲೀಕರ ವಾದ. ಎಲ್ಲರೂ ಹಿಂದೆ ಬಿದ್ದಿದ್ದರೆ ನೀನೂ ಬೀಳಬಹುದು ಎಂದೇನಿಲ್ಲ ಎಂಬ ಅರ್ಥದಲ್ಲಿ ನ್ಯಾಯಾಧೀಶ ಲರ್ನೆಡ್ ಹ್ಯಾಂಡ್ 1932ರಲ್ಲಿ ತೀರ್ಪು ಕೊಟ್ಟರು. ನಮ್ಮ ಕೋರ್ಟ್‌ಗಳಿಗೆ ಅದು ಕಡ್ಡಾಯವಲ್ಲ. ಆದರೆ ಕ್ವಾಂಟಮ್ ಕೇಸು ಯಾವತ್ತಾದರೂ ಬಂದರೆ ಯಾರಾದರೂ ವಕೀಲರು ಅದನ್ನು ಎತ್ತಿಯೇ ಎತ್ತುತ್ತಾರೆ.

ಏಕೆಂದರೆ ಪರಿಹಾರ ಈಗಾಗಲೇ ಇದೆ. ಕ್ವಾಂಟಮ್ ಕಂಪ್ಯೂಟರಿಗೂ ಬಗ್ಗದಂತೆ ಮಾಡಿದ ಮೂರು ವಿಧಾನಗಳನ್ನು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಹಳೆಯ ಆರ್‌ಎಸ್‌ಎಯನ್ನು 2035ರ ಹೊತ್ತಿಗೆ ಪೂರ್ತಿ ಬಿಡಬೇಕು ಎಂಬ ಕರಡನ್ನೂ ಇಟ್ಟಿದೆ. ಸೈಬರ್ ಭದ್ರತೆ ನೋಡುವ ನಮ್ಮ ಕೇಂದ್ರ ಸಂಸ್ಥೆ ಸಿಇಆರ್‌ಟಿ-ಇನ್ ಕೂಡ, ಎಲ್ಲೆಲ್ಲಿ ಯಾವ ಕ್ರಿಪ್ಟೋಗ್ರಫಿ (ಗೂಢಲಿಪಿ ವಿಧಾನ) ಬಳಸುತ್ತೀರಿ ಎಂಬ ಪಟ್ಟಿ ಇಡಿ ಎಂದು 2025ರ ಜುಲೈನ ಮಾರ್ಗಸೂಚಿಯಲ್ಲಿ ಹೇಳಿದೆ. ಬ್ಯಾಂಕು, ಆಸ್ಪತ್ರೆ, ವಿಮೆ ಕಂಪನಿಗಳು 2030ರ ನಂತರ ‘ನಮಗೆ ಗೊತ್ತಿರಲಿಲ್ಲ’ ಎಂದರೆ ನಡೆಯುವುದು ಕಷ್ಟ. ನಿಮಗೆ? ನಿಮ್ಮ ಮಟ್ಟಿಗೆ ಸಮಂಜಸ ಎಂದರೆ ಲ್ಯಾಪ್‌ಟಾಪ್, ಫೋನು, ಬ್ರೌಸರ್ ಅಪ್‌ಡೇಟ್ ಮಾಡುತ್ತಾ ಇರುವುದು. ಕ್ರೋಮ್ ಬ್ರೌಸರ್ 2024ರಿಂದಲೇ ಹೊಸ ವಿಧಾನವನ್ನು ಹಳೆಯದರ ಜೊತೆ ಸೇರಿಸಿ ಬಳಸುತ್ತಿದೆ. ನೀವು ಅದಕ್ಕೆ ಒಂದು ಪೈಸೆ ಕೊಟ್ಟಿಲ್ಲ, ಅಲ್ವಾ? ಡಿಸ್ಕ್ ಎನ್‌ಕ್ರಿಪ್ಷನ್‌ಗೆ ಬಳಸುವ ಎಇಎಸ್-256 ಅನ್ನು ಕ್ವಾಂಟಮ್ ಯಂತ್ರವೂ ಒಡೆಯಲಾರದು ಎಂದೇ ತಜ್ಞರ ಲೆಕ್ಕ. ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಆನ್ ಆಗಿದೆಯೇ ನೋಡಿಕೊಳ್ಳಿ, ಸಾಕು.

ಈ ವಿಷಯದಲ್ಲಿ ನನಗೆ ನಿಜವಾಗಿ ತೊಡಕಾಗಿ ಕಾಣುವ ಪ್ರಶ್ನೆ ಬೇರೆ. ಬೀಗ ಹಾಕಿದ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋಗಿ, ಕೀಲಿ ಸಿಗುವವರೆಗೆ ಅಟ್ಟದ ಮೇಲೆ ಇಟ್ಟುಕೊಳ್ಳುವ ಕಳ್ಳನನ್ನು ಊಹಿಸಿಕೊಳ್ಳಿ. ಎನ್‌ಕ್ರಿಪ್ಟ್ ಆದ ಡೇಟಾವನ್ನು ಇವತ್ತು ಕದ್ದಿಟ್ಟು ಹತ್ತು ವರ್ಷದ ನಂತರ ಕ್ವಾಂಟಮ್ ಯಂತ್ರದಲ್ಲಿ ಬಿಡಿಸುವುದು ಹೀಗೆಯೇ. ಹಾಗಾದರೆ ಸೋರಿಕೆ ಆದದ್ದು ಯಾವತ್ತು? ಕದ್ದ ದಿನವೋ, ಓದಿದ ದಿನವೋ? ನಮ್ಮ ಕಾಯ್ದೆಯಲ್ಲಿ ಸೋರಿಕೆ ಎಂದರೆ, ಅನುಮತಿ ಇಲ್ಲದೆ ಮಾಹಿತಿಯನ್ನು ಬಳಸಿದ್ದು, ಪಡೆದದ್ದು, ಹಂಚಿದ್ದು ಇತ್ಯಾದಿ, ಮತ್ತು ಅದರಿಂದ ಮಾಹಿತಿಯ ಗೋಪ್ಯತೆಗೋ, ಅದು ಬದಲಾಗದೆ ಉಳಿಯುವುದಕ್ಕೋ, ಬೇಕಾದಾಗ ಸಿಗುವುದಕ್ಕೋ ಧಕ್ಕೆ ಆಗಿರಬೇಕು. ಓದಲಾಗದ ಮಾಹಿತಿ ಹೋದರೆ ಗೋಪ್ಯತೆಗೆ ಧಕ್ಕೆ ಆಯಿತೇ? ಇಲ್ಲ ಎಂದೂ ವಾದಿಸಬಹುದು, ಹೌದು ಎಂದೂ ವಾದಿಸಬಹುದು. ಯುರೋಪಿನ ಡೇಟಾ ಸಂರಕ್ಷಣಾ ಕಾನೂನಾದ ಜಿಡಿಪಿಆರ್‌ನಲ್ಲಿ, ಮಾಹಿತಿ ಎನ್‌ಕ್ರಿಪ್ಟ್ ಆಗಿದ್ದರೆ ಪ್ರತಿ ವ್ಯಕ್ತಿಗೂ ತಿಳಿಸಬೇಕಿಲ್ಲ ಎಂಬ ವಿನಾಯಿತಿ ಇದೆ. ನಮ್ಮ ಕಾಯ್ದೆಯಲ್ಲಿ ಅಂಥ ವಿನಾಯಿತಿ ಬರೆದಿಲ್ಲ. ಕ್ವಾಂಟಮ್ ಲೆಕ್ಕ ಹಿಡಿದು ನೋಡಿದರೆ ನಮ್ಮದೇ ಸರಿ ಎನಿಸುತ್ತದೆ, ಅದು ಯೋಚಿಸಿ ಮಾಡಿದ್ದೋ ಸುಮ್ನೆ ಬಿಟ್ಟುಹೋದದ್ದೋ. ನನ್ನ ಸಲಹೆ ಇಷ್ಟೇ. ಲ್ಯಾಪ್‌ಟಾಪ್ ಕಳುವಾದರೆ, ಪಾಸ್‌ವರ್ಡ್ ಇತ್ತಲ್ಲ ಎಂದು ಸುಮ್ಮನಾಗಬೇಡಿ. ಹೊಸ ನಿಯಮ ಜಾರಿಯಾದ ಮೇಲೆ ಮಂಡಳಿಗೂ ಅತಿಥಿಗಳಿಗೂ ತಡಮಾಡದೆ ತಿಳಿಸಬೇಕು. ಮಂಡಳಿಗೆ ವಿವರ ಕೊಡಲು 72 ಗಂಟೆ.

ತಿಳಿಸುವ ಪ್ರಮೇಯವೇ ಬರದಂತೆ ಮಾಡುವ ದಾರಿ ಇನ್ನೂ ಸುಲಭ. ಅಳಿಸಿಹಾಕಿ. ಕೊಡಗು ನೋಡಲು ಎಂದೋ ಬಂದು ಒಂದು ರಾತ್ರಿ ಉಳಿದು ಹೋದವರ ಆಧಾರ್ ನಿಮಗೆ ಇವತ್ತು ಯಾಕೆ? ಇಲ್ಲದ ಮಾಹಿತಿಯನ್ನು ಯಾವ ಕಂಪ್ಯೂಟರೂ ಕದಿಯಲಾರದು. ಕಾನೂನು ಇಡಲು ಹೇಳಿದಷ್ಟು ಕಾಲ ಇಡಿ. ಪೊಲೀಸರು ನೋಡುವ ಅತಿಥಿಗಳ ರಿಜಿಸ್ಟರ್, ತೆರಿಗೆಯ ಲೆಕ್ಕ ಬೇಕು. ಹೊಸ ನಿಯಮಗಳು ಮಾಹಿತಿ ಮತ್ತು ಲಾಗ್‌ಗಳಿಗೆ ಕನಿಷ್ಠ ಒಂದು ವರ್ಷ ಎನ್ನುತ್ತವೆ. ವಿದೇಶಿ ಅತಿಥಿ ಬಂದರೆ, ನಾವೆಲ್ಲ ಸಿ ಫಾರಂ ಎಂದು ಕರೆಯುವ ವರದಿಯನ್ನು 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಕೊಡಲೇಬೇಕು. ಅಲ್ಲಿಗೆ ಕೊಟ್ಟ ಮೇಲೆ ಪಾಸ್‌ಪೋರ್ಟ್ ಫೋಟೋ ವಾಟ್ಸಾಪ್ ಗ್ಯಾಲರಿಯಲ್ಲಿ ಉಳಿಯಬೇಕಾಗಿಲ್ಲ. ಊರಿನವರಿಗೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಾಕು ಎನ್ನಿ. ಅಡುಗೆಯವರ ಫೋನಿಗೆ, ಮ್ಯಾನೇಜರ್ ಫೋನಿಗೆ, ಡ್ರೈವರ್ ಫೋನಿಗೆ ಫಾರ್ವರ್ಡ್ ಆಗಿ ಕೂತ ಫೋಟೋಗಳೇ ನಿಮ್ಮ ನಿಜವಾದ ಅಪಾಯ. ಅದಕ್ಕೆ ಕ್ವಾಂಟಮ್ ಬೇಕಿಲ್ಲ.

ಲಾಕರ್ ಮಾರುವವರು ಮತ್ತೆ ಬಂದರೆ ಒಂದೇ ಪ್ರಶ್ನೆ ಕೇಳಿ: ‘ಯಾವ ಮಾನಕ?’ ಮೇಲೆ ಹೇಳಿದ ಎನ್‌ಐಎಸ್‌ಟಿಯ ಮೂರು ಮಾನಕಗಳು, ಅಂದರೆ ಎಫ್‌ಐಪಿಎಸ್ 203, 204, 205 ಇವುಗಳಲ್ಲಿ ಯಾವುದು ಎಂದು ಬರೆದು ಕೊಡಲಿ. ‘ಎಂದೆಂದಿಗೂ ಒಡೆಯಲಾಗದು’ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಹೊಸ ವಿಧಾನ ಆರಿಸಲು ಎನ್‌ಐಎಸ್‌ಟಿ ನಡೆಸಿದ ಸ್ಪರ್ಧೆಯ ನಾಲ್ಕನೇ ಸುತ್ತಿಗೆ ಹೋಗಿದ್ದ ಎಸ್‌ಐಕೆಇ ಎಂಬ ವಿಧಾನವನ್ನು 2022ರಲ್ಲಿ ಬೆಲ್ಜಿಯಂನ ಇಬ್ಬರು ಸಂಶೋಧಕರು ಒಡೆದರು. ಬಳಸಿದ್ದು ಮಾಮೂಲಿ ಕಂಪ್ಯೂಟರ್, ಒಂದೇ ಕೋರ್, ಸುಮಾರು ಒಂದು ಗಂಟೆ. ಅಂಥದ್ದನ್ನೂ ಆಗ ‘ಕ್ವಾಂಟಮ್‌ಗೂ ಬಗ್ಗದು’ ಎಂದೇ ಹೇಳುತ್ತಿದ್ದರು. ದುಡ್ಡು ಕೊಟ್ಟ ಮೇಲೆ ಮೋಸ ಎಂದು ಗೊತ್ತಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ದಾರಿ ತಪ್ಪಿಸುವ ಜಾಹೀರಾತು, ಅನುಚಿತ ವ್ಯಾಪಾರ ಎರಡೂ ಅದರಲ್ಲಿ ಬರುತ್ತವೆ. ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಒಂದು ಎಚ್ಚರಿಕೆ: ವಸ್ತುವನ್ನು ವ್ಯಾಪಾರಕ್ಕಾಗಿ ಕೊಂಡಿರಿ, ನೀವು ಗ್ರಾಹಕರೇ ಅಲ್ಲ ಎಂದು ಎದುರಿನವರು ವಾದಿಸುತ್ತಾರೆ. ಹೊಟ್ಟೆಪಾಡಿಗೆ ಸ್ವಂತ ದುಡಿಮೆಯಿಂದ ನಡೆಸುವ ಕಸುಬು ಎಂದು ನೀವು ತೋರಿಸಬೇಕಾಗುತ್ತದೆ. ಏನೇ ಆಗಲಿ, ಮಾರುವವರು ಹೇಳಿದ್ದನ್ನೆಲ್ಲ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ.

ಇನ್ನು ಅಣ್ಣತಮ್ಮಂದಿರ ಒಪ್ಪಂದ. ಇಲ್ಲಿ ನಿಮಗೆ ಬೇಸರವಾಗುವ ಮಾತು ಹೇಳಬೇಕು. ಆ ಕಾಗದಕ್ಕೆ ಅಪಾಯ ಬಂದಿರುವುದು ಕ್ವಾಂಟಮ್‌ನಿಂದ ಅಲ್ಲ, 1908ರ ನೋಂದಣಿ ಕಾಯ್ದೆಯಿಂದ. ಆಸ್ತಿಯನ್ನು ಆ ಬರಹದ ಮೂಲಕವೇ ಪಾಲು ಮಾಡಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಆಗದಿದ್ದರೆ ಸೆಕ್ಷನ್ 49ರ ಪ್ರಕಾರ ಪಾಲಿಗೆ ಸಾಕ್ಷಿಯಾಗಿ ಅದು ನಿಲ್ಲುವುದಿಲ್ಲ. ಸ್ಟಾಂಪ್ ಸಾಲದಿದ್ದರೆ ಕರ್ನಾಟಕ ಸ್ಟಾಂಪ್ ಕಾಯ್ದೆಯ ಸೆಕ್ಷನ್ 34 ಬೇರೆ ಅಡ್ಡ ಬರುತ್ತದೆ. ಮೊದಲೇ ಬಾಯಿಮಾತಿನಲ್ಲಿ ಪಾಲಾಗಿ, ನಂತರ ನೆನಪಿಗೆಂದು ಬರೆದಿಟ್ಟದ್ದಾದರೆ ನೋಂದಣಿ ಬೇಡ ಎಂದು ಸುಪ್ರೀಂ ಕೋರ್ಟ್ 1976ರ ಕಾಲೆ ಪ್ರಕರಣದಲ್ಲಿ ಹೇಳಿದೆ. ನಿಮ್ಮದು ಯಾವ ಬಗೆ ಎಂಬುದು ಒಕ್ಕಣೆ ನೋಡಿದರೆ ಗೊತ್ತಾಗುತ್ತದೆ. ಜಾಗ ಜಮ್ಮಾ (ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿ) ಆಗಿದ್ದು ಒಕ್ಕದ, ಅಂದರೆ ಮನೆತನದ, ಹಿರಿಯರಾದ ಪಟ್ಟೆದಾರರ ಹೆಸರೂ ಆರ್‌ಟಿಸಿಯಲ್ಲಿ ಇದ್ದರೆ ಅದು ಇನ್ನೊಂದೇ ಕಥೆ, ಈ ಉತ್ತರದಲ್ಲಿ ಹಿಡಿಸದು. ಕಂದಾಯ ಬಲ್ಲ ವಕೀಲರನ್ನು ಕಾಣಿ.

ಸಹಿಯ ಪ್ರಶ್ನೆ ಮಾತ್ರ ಚೆನ್ನಾಗಿದೆ. ಆಧಾರ್ ಇ-ಸೈನ್ ಮಾಡುವಾಗ ಆ ಹೊತ್ತಿಗೆ ಮಾತ್ರ ಎರಡು ಅರ್ಧಗಳ ಒಂದು ಡಿಜಿಟಲ್ ಕೀಲಿ ಹುಟ್ಟುತ್ತದೆ, ಸಹಿ ಹಾಕಿದ ಕೂಡಲೇ ಅದರ ಗುಟ್ಟಿನ ಅರ್ಧವನ್ನು ನಾಶ ಮಾಡುತ್ತಾರೆ. ಪ್ರಮಾಣಪತ್ರದ ಆಯುಸ್ಸು ಬರೇ 30 ನಿಮಿಷ. ಆದರೆ ಕೀಲಿಯ ಸಾರ್ವಜನಿಕ ಅರ್ಧ ನಿಮ್ಮ ಪಿಡಿಎಫ್ ಒಳಗೇ ಇರುತ್ತದೆ. ಶಕ್ತಿಯುತ ಕ್ವಾಂಟಮ್ ಯಂತ್ರ ಬಂದ ದಿನ, ಅದರಿಂದ ನಾಶವಾದ ಅರ್ಧವನ್ನು ಮತ್ತೆ ಲೆಕ್ಕ ಹಾಕಿ, ಹಿಂದಿನ ತಾರೀಖು ಹಾಕಿ, ಬೇರೆ ಒಪ್ಪಂದಕ್ಕೆ ಅದೇ ಸಹಿ ಕೂರಿಸಬಹುದು. ತಂತ್ರದ ಮಟ್ಟದಲ್ಲಿ ನಿಮ್ಮ ಭಯ ಸರಿ.

ಕಾನೂನು ಇದನ್ನು ಹೇಗೆ ನೋಡುತ್ತದೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 86, ಸುರಕ್ಷಿತ ಎಲೆಕ್ಟ್ರಾನಿಕ್ ಸಹಿ ಇದ್ದರೆ ಸಹಿದಾರನೇ ಹಾಕಿದ್ದೆಂದು ಕೋರ್ಟ್ ಭಾವಿಸಬೇಕು ಎನ್ನುತ್ತದೆ. ಉಲ್ಟಾ ಸಾಬೀತಾಗುವವರೆಗೆ ಮಾತ್ರ. ಸೆಕ್ಷನ್ 93, ಸರಿಯಾದ ಕೈಯಲ್ಲಿದ್ದ 5 ವರ್ಷ ಹಳೆಯ ಎಲೆಕ್ಟ್ರಾನಿಕ್ ದಾಖಲೆಯ ಸಹಿಯನ್ನು ಕೋರ್ಟ್ ನಂಬಬಹುದು ಎನ್ನುತ್ತದೆ. ಇವತ್ತು ನಿಮ್ಮ ತಮ್ಮ ಕೋರ್ಟಿಗೆ ಬಂದು ‘ಕ್ವಾಂಟಮ್ ಕಂಪ್ಯೂಟರಿನಿಂದ ನನ್ನ ಸಹಿ ಕದ್ದಿದ್ದಾರೆ’ ಎಂದರೆ ನ್ಯಾಯಾಧೀಶರು ನಗಬಹುದು, ಅಂಥ ಯಂತ್ರ ಈಗ ಇಲ್ಲ. 15 ವರ್ಷದ ನಂತರ ಅದೇ ಮಾತು ಹೇಳಿದರೆ ನಗುವುದಿಲ್ಲ. ಆಗ ಕೇಳುವ ಪ್ರಶ್ನೆ ಒಂದೇ: ಈ ಕಡತ ಯಂತ್ರ ಬರುವ ಮೊದಲೇ ಇತ್ತು ಎಂಬುದಕ್ಕೆ ಸಹಿ ಬಿಟ್ಟು ಬೇರೆ ಏನಿದೆ? ನನ್ನ ಪ್ರಕಾರ ಮುಂದಿನ ಎಲೆಕ್ಟ್ರಾನಿಕ್ ಸಾಕ್ಷ್ಯದ ಜಗಳಗಳೆಲ್ಲ ಈ ಒಂದು ಪ್ರಶ್ನೆಯ ಸುತ್ತ ನಡೆಯುತ್ತವೆ.

ಅದಕ್ಕೆ ಅಗ್ಗದ ಉಪಾಯ ಇದೆ. ಪಿಡಿಎಫ್‌ನ ಎಸ್‌ಎಚ್‌ಎ-256 ಹ್ಯಾಶ್ ತೆಗೆಸಿ. ಆ ಕಡತಕ್ಕೆ ಮಾತ್ರ ಹೊಂದುವ 64 ಅಕ್ಷರಗಳ ಒಂದು ಗುರುತು ಅದು. ಒಂದು ಕಾಮಾ ಬದಲಾದರೂ ಗುರುತು ಬೇರೆಯಾಗುತ್ತದೆ, ಮತ್ತು ಕ್ವಾಂಟಮ್ ಯಂತ್ರಕ್ಕೂ ಅದನ್ನು ಮೋಸ ಮಾಡುವುದು ಸುಲಭವಲ್ಲ. ಆ ಗುರುತನ್ನು ಒಂದು ಸ್ಟಾಂಪ್ ಕಾಗದದಲ್ಲಿ ಬರೆದು, ಎಲ್ಲರೂ ಪೆನ್ನಿನಲ್ಲಿ ಸಹಿ ಹಾಕಿ, ನೋಟರಿ ರಿಜಿಸ್ಟರಿನಲ್ಲಿ ನಮೂದು ಮಾಡಿಸಿ. ತಾರೀಖು ಗಟ್ಟಿಯಾಯಿತು. ಕೋರ್ಟಿಗೆ ಎಲೆಕ್ಟ್ರಾನಿಕ್ ದಾಖಲೆ ಕೊಡುವಾಗ ಅದೇ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರದಲ್ಲೂ ಹ್ಯಾಶ್ ಬರೆಯುವ ಜಾಗ ಇದೆ. ಪ್ರಿಂಟ್ ತೆಗೆದು ಮೂಲ ಕಡತ ಅಳಿಸಬೇಡಿ. ಪ್ರಿಂಟ್‌ನಲ್ಲಿ ಕಾಣುವ ಹಸಿರು ಟಿಕ್ ಸಹಿಯ ಚಿತ್ರ ಅಷ್ಟೇ, ಸಹಿ ಇರುವುದು ಕಡತದಲ್ಲಿ. ಆದರೆ ನೋಟರಿ ಮಾಡಿಸಿದರೆ ನೋಂದಣಿ ಮಾಡಿಸಿದಂತಲ್ಲ, ಅದು ಬೇರೆ, ಇದು ಬೇರೆ. ಹೇಳುತ್ತಿರುವಾಗಲೇ ಇನ್ನೊಂದು: ಮನೆಯ ಹಿರಿಯರ ಉಯಿಲನ್ನು ಇ-ಸೈನ್ ಮಾಡಿಸುವ ಯೋಚನೆ ಇದ್ದರೆ ಬಿಡಿ. ಉಯಿಲಿಗೆ ಐಟಿ ಕಾಯ್ದೆ ಅನ್ವಯಿಸುವುದೇ ಇಲ್ಲ. ಕಾಗದ, ಸಹಿ, ಇಬ್ಬರು ಸಾಕ್ಷಿಗಳು, ಅಷ್ಟೇ.

ಕೊನೆಗೆ ಬರೆಯ ಮೇಲಿನ ಸೆನ್ಸರ್. 2018ರ ಆಗಸ್ಟ್ ಮತ್ತು 2020ರ ಬ್ರಹ್ಮಗಿರಿಯ ಕುಸಿತ ಕಂಡ ಜಿಲ್ಲೆಯಲ್ಲಿ ಇಂಥ ಅಧ್ಯಯನಕ್ಕೆ ಬೇಡ ಎನ್ನಲು ನನಗೆ ಮನಸ್ಸಾಗದು. ಕ್ವಾಂಟಮ್ ಗುರುತ್ವ ಸೆನ್ಸರ್ ತೀರಾ ತಣ್ಣಗಾಗಿಸಿದ ಪರಮಾಣುಗಳು ಕೆಳಗೆ ಬೀಳುವುದನ್ನು ಅಳೆದು, ನೆಲದಡಿಯಲ್ಲಿ ತೂಕ ಹೆಚ್ಚಿದೆಯೇ, ಟೊಳ್ಳಿದೆಯೇ ಎಂದು ಹೇಳುತ್ತದೆ. 2020ರಲ್ಲಿ ಇಟಲಿಯ ಎಟ್ನಾ ಜ್ವಾಲಾಮುಖಿಯ ಮೇಲೆ ಒಂದನ್ನು ಇಟ್ಟರು. 2022ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇಂಥದ್ದರಿಂದ ನೆಲದಡಿಯ ಸುರಂಗ ಪತ್ತೆ ಮಾಡಿದರು. ಗುಡ್ಡ ಯಾವತ್ತು ಜರಿಯುತ್ತದೆ ಎಂದು ಹೇಳುವ ಯಂತ್ರವಲ್ಲ ಅದು.

ಇಲ್ಲಿ ಕಾನೂನು ಆಗಲೇ ಬಂದು ಕೂತಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2021ರ ಫೆಬ್ರವರಿ 15ರಂದು ಭೂಪಟ ಮತ್ತು ಸ್ಥಳ ಮಾಹಿತಿಯ ಮಾರ್ಗಸೂಚಿ ತಂದಿತು. ಗುರುತ್ವದ ಮಾಹಿತಿಗೆ ಅದರಲ್ಲಿ 1 ಮಿಲಿಗಾಲ್ (ಗುರುತ್ವ ಅಳೆಯುವ ಒಂದು ಮಾನ) ಎಂಬ ಗೆರೆ ಇದೆ. ಅದಕ್ಕಿಂತ ಸೂಕ್ಷ್ಮವಾದ ಮಾಹಿತಿಯನ್ನು ಭಾರತೀಯ ಸಂಸ್ಥೆಗಳು ಮಾತ್ರ ತಯಾರಿಸಿ ಇಟ್ಟುಕೊಳ್ಳಬಹುದು, ಅದೂ ದೇಶದೊಳಗಿನ ಸರ್ವರ್‌ನಲ್ಲಿ. ಕ್ವಾಂಟಮ್ ಸೆನ್ಸರ್‌ಗಳ ಹೆಚ್ಚುಗಾರಿಕೆಯೇ ಇರುವುದು ಮೈಕ್ರೋಗಾಲ್ ಮಟ್ಟದ ಅಳತೆಯಲ್ಲಿ, ಅಂದರೆ ಆ ಗೆರೆಗಿಂತ ಸಾವಿರ ಪಟ್ಟು ಸೂಕ್ಷ್ಮ. ಆದ್ದರಿಂದ ಅಳತೆಯ ಒಡೆತನ ವಿದೇಶಿ ತಂಡದ್ದಾಗುವಂತಿಲ್ಲ. ನಿಮ್ಮ ಪರಿಚಯದವರ ಭಾರತೀಯ ಸಂಸ್ಥೆ ಯಾವುದು, ಡೇಟಾ ಯಾರ ಬಳಿ ಇರುತ್ತದೆ ಎಂದು ಮೊದಲು ಕೇಳಿ.

ಎರಡನೆಯದು ನಿಮಗೇ ತಟ್ಟುವಂಥದ್ದು. ಬರೆ ಅಪಾಯದಲ್ಲಿದೆ ಎಂಬ ವರದಿ ನಿಮ್ಮ ಕೈಗೆ ಬಂದ ಮೇಲೆ ‘ಗೊತ್ತಿರಲಿಲ್ಲ’ ಎಂಬ ಮಾತು ನಿಮ್ಮ ಪಾಲಿಗಿಲ್ಲ. ಜಾಗ ಮಾರುವಾಗ, ಕೊಳ್ಳುವವರಿಗೆ ಸಾಮಾನ್ಯವಾಗಿ ಕಾಣದ ದೋಷ ನಿಮಗೆ ಗೊತ್ತಿದ್ದರೆ ಹೇಳಲೇಬೇಕು, ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 55. ಆ ಬರೆಯ ಕೆಳಗಿನ ಕೋಣೆಯಲ್ಲಿ ಜುಲೈ ಮಳೆಯಲ್ಲಿ ಅತಿಥಿಗಳನ್ನು ಮಲಗಿಸಿ ಏನಾದರೂ ಆದರೆ, ವರದಿಯೇ ನಿಮ್ಮ ವಿರುದ್ಧ ಸಾಕ್ಷಿ. ಇದಕ್ಕೆ ಹೆದರಿ ಸೆನ್ಸರ್ ಬೇಡ ಎನ್ನುವವರಿದ್ದಾರೆ. ನಾನು ಹಾಗೆನ್ನಲಾರೆ. ಬೆಲೆ ಇಳಿಯಬಹುದು, ಜೀವ ಉಳಿಯುತ್ತದೆ.

ಒಪ್ಪಿಗೆಯನ್ನು ಬರಹದಲ್ಲೇ ಕೊಡಿ. ಎಲ್ಲಿ ಇಡುತ್ತಾರೆ, ಎಷ್ಟು ತಿಂಗಳು, ವರದಿಯ ಪ್ರತಿ ನಿಮಗೆ ಯಾವಾಗ ಸಿಗುತ್ತದೆ, ಅಪಾಯ ಕಂಡರೆ ಜಿಲ್ಲಾಧಿಕಾರಿಗಳು ಮುಖ್ಯಸ್ಥರಾಗಿರುವ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಯಾರು ತಿಳಿಸಬೇಕು, ನಿಮ್ಮ ತೋಟ ಗುರುತು ಸಿಗುವಂತೆ ನಕ್ಷೆ ಪ್ರಕಟಿಸಬಹುದೇ, ಇಷ್ಟು ಅದರಲ್ಲಿರಲಿ. ಸಹಿ ನಿಮ್ಮೊಬ್ಬರದೇ ಆದರೆ ಸಾಲದು, ಅಣ್ಣತಮ್ಮಂದಿರೆಲ್ಲರದೂ ಬೇಕು. ಪಾಲು ನೋಂದಣಿ ಆಗುವವರೆಗೆ, ದಾಖಲೆಯ ಮಟ್ಟಿಗೆ ಆ ಬರೆ ನಿಮ್ಮೆಲ್ಲರದು.